ಬಳ್ಳಾರಿ ರಸ್ತೆಯ ಕವಾಯತು

ನ್ಯಾಷನಲ್ ಕೆಡೆಟ್ ಕೋರ್, ಎಲ್ಲರ ಬಾಯಲ್ಲಿ ಎನ್‌ಸಿಸಿ, 1948ರ ಏಪ್ರಿಲ್‌ನ ಕಾಯ್ದೆಯಿಂದ ರೂಪ ಪಡೆದು ಅದೇ ವರ್ಷ ಜುಲೈ 15ರಂದು ಆರಂಭವಾಯಿತು. ಅದಕ್ಕೆ ಎರಡು ವರ್ಷ ಮೊದಲು ನೇಮಕವಾಗಿದ್ದ ಪಂಡಿತ್ ಹೃದಯನಾಥ ಕುಂಜ್ರು ಅವರ ಸಮಿತಿ ಶಾಲೆ ಕಾಲೇಜುಗಳ ಮಕ್ಕಳಿಗೆ ಇಂಥದೊಂದು ದಳ ಬೇಕೆಂದು ಶಿಫಾರಸು ಮಾಡಿತ್ತು. 1949ರಲ್ಲಿ ಹುಡುಗಿಯರ ವಿಭಾಗ, 1950ರಲ್ಲಿ ಏರ್ ವಿಂಗ್, 1952ರಲ್ಲಿ ನೇವಲ್ ವಿಂಗ್ ಸೇರಿಕೊಂಡವು. ಕರ್ನಾಟಕ ಮತ್ತು ಗೋವಾಗಳಿಗೆ ಒಂದೇ ಡೈರೆಕ್ಟೊರೇಟ್. ಅದರ ಕಚೇರಿ ಇರುವುದು ಬೆಂಗಳೂರಿನಲ್ಲಿ. ಇದಿಷ್ಟು ಬೀದರಿನ ಕೆಡೆಟ್‌ಗೂ ಮಂಗಳೂರಿನ ಕೆಡೆಟ್‌ಗೂ ಸಮಾನವಾದ ಸಂಗತಿ. ಆದರೆ ಉತ್ತರ ಬೆಂಗಳೂರಿನ ಮೇಕ್ರಿ ಸರ್ಕಲ್‌ನಿಂದ ಯಲಹಂಕದವರೆಗೆ, ಬಳ್ಳಾರಿ ರಸ್ತೆಯ ಎರಡೂ ಬದಿಯ ಶಾಲೆ ಕಾಲೇಜುಗಳಲ್ಲಿ ಕವಾಯತು ಕಲಿತವರ ನೆನಪಿಗೆ ಬೇರೊಂದು ಬಣ್ಣವಿದೆ. ಅವರು ಕಲಿತದ್ದು ಅರ್ಧ ಊರೇ ಸಮವಸ್ತ್ರ ತೊಟ್ಟ ಪ್ರದೇಶದಲ್ಲಿ.

ಆ ಪ್ರದೇಶವನ್ನು ತೆಂಕಣದಿಂದ ಬಡಗಣಕ್ಕೆ ನೋಡುತ್ತ ಹೋದರೆ ವಿಷಯ ತಿಳಿಯುತ್ತದೆ. ಆರ್.ಟಿ. ನಗರಕ್ಕೆ ಹೊಂದಿಕೊಂಡ ಜೆ.ಸಿ. ನಗರದಲ್ಲಿ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ. ಅದು ಆಗ್ರಾದಿಂದ ಇಲ್ಲಿಗೆ ಬಂದದ್ದು 1992ರಲ್ಲಿ. ಅಲ್ಲೇ ಹೆಬ್ಬಾಳದ ಕಡೆಗೆ ವಾಯುಪಡೆಯ ಟ್ರೈನಿಂಗ್ ಕಮಾಂಡ್‌ನ ಮುಖ್ಯ ಕಚೇರಿ. ಯಶವಂತಪುರ ದಾಟಿದರೆ ಜಾಲಹಳ್ಳಿ. ವಾಯುಪಡೆಯ ತಾಂತ್ರಿಕ ಕಾಲೇಜು 1949ರಿಂದ ಅಲ್ಲಿದೆ. ಹೆಬ್ಬಾಳದಿಂದ ಮುಂದೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಅದರ ಆಚೆಗೆ ಜಕ್ಕೂರಿನ ಏರೋಡ್ರೋಮ್ ಮತ್ತು ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆ. ಯಲಹಂಕದಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ನಿಲ್ದಾಣ, ಸಿಆರ್‌ಪಿಎಫ್ ಕ್ಯಾಂಪು, ಬಿಎಸ್‌ಎಫ್ ತರಬೇತಿ ಕೇಂದ್ರ. 1984ರಲ್ಲಿ ಶುರುವಾದ ರೈಲ್ವೆ ಗಾಲಿ ಮತ್ತು ಅಚ್ಚಿನ ಕಾರ್ಖಾನೆಯೂ ಇಲ್ಲೇ. ಕಾರ್ಖಾನೆ ಸೈನ್ಯಕ್ಕೆ ಸೇರಿದ್ದಲ್ಲವಾದರೂ ಅದರ ಕಾಲೊನಿಯ ಮಕ್ಕಳು ಪರೇಡ್ ಸಾಲಿಗೆ ಒಡಿಶಾ, ಬಿಹಾರ, ತಮಿಳುನಾಡುಗಳನ್ನು ಕರೆತಂದರು. ಈ ಸಂಸ್ಥೆಗಳ ನಡುವೆ ನಾಡಪ್ರಭುಗಳ ಹಳೆಯ ಯಲಹಂಕ, ಕೊಡಿಗೇಹಳ್ಳಿ, ಭೂಪಸಂದ್ರ, ಮತ್ತಿಕೆರೆಗಳಂಥ ಊರುಗಳಿದ್ದವು. ರಾಗಿ ಹೊಲಕ್ಕೂ ದ್ರಾಕ್ಷಿ ತೋಟಕ್ಕೂ ತಂತಿಬೇಲಿಗೂ ಒಂದೇ ಗಡಿ. ಎಂಬತ್ತರ ದಶಕದಲ್ಲಿ ಇಲ್ಲಿ ಬೆಳೆದ ಹುಡುಗನಿಗೆ ಸೈನಿಕ ಅಂದರೆ ಸಿನಿಮಾದ ಪಾತ್ರವಾಗಿರಲಿಲ್ಲ. ಸೈಕಲ್ಲಿನಲ್ಲಿ ಹಾಲು ತರಲು ಹೋಗುತ್ತಿದ್ದ ಪಕ್ಕದ ಮನೆಯವರಾಗಿದ್ದರು.

ಎನ್‌ಸಿಸಿ ಬರುವ ಮೊದಲೂ ಈ ನಾಡಿನ ಮಕ್ಕಳು ಸಾಲಾಗಿ ನಿಂತದ್ದುಂಟು. ಭಾರತದಲ್ಲಿ ಸ್ಕೌಟಿಂಗ್ ಮೊದಲು ಕಾಲೂರಿದ್ದು ಬೆಂಗಳೂರಿನಲ್ಲೇ, 1909ರಲ್ಲಿ. ಯಲಹಂಕದಿಂದ ದೊಡ್ಡಬಳ್ಳಾಪುರದ ಹಾದಿ ಹಿಡಿದರೆ ಇಂದಿಗೂ ಸ್ಕೌಟ್ಸ್ ಮತ್ತು ಗೈಡ್ಸ್‌ನ ತರಬೇತಿ ತಾಣವಾದ ಡಾ. ಆನಿ ಬೆಸೆಂಟ್ ಪಾರ್ಕ್ ಸಿಗುತ್ತದೆ. ಈ ಭಾಗದ ಎಷ್ಟೋ ಮಕ್ಕಳು ಮನೆ ಬಿಟ್ಟು ಮೊದಲ ರಾತ್ರಿ ಕಳೆದದ್ದು ಅಲ್ಲಿನ ಡೇರೆಗಳಲ್ಲಿ. ಇನ್ನೊಂದು ಪರಂಪರೆ ಅಪ್ಪಟ ಕರ್ನಾಟಕದ್ದು. ಧಾರವಾಡದಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ ಬಂದ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದ ಆ ದಳದ ಸ್ವಯಂಸೇವಕರು ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ದುಡಿದರು. ಬಂದೂಕು ಹಿಡಿಯದ ಚಳವಳಿಗೂ ಸಾಲು ಕಟ್ಟುವ ಶಿಸ್ತು ಬೇಕು ಎಂಬುದು ಹರ್ಡೀಕರರ ನಂಬಿಕೆ. ಸ್ವಾತಂತ್ರ್ಯಾನಂತರ ಅದೇ ಬೇರಿನಿಂದ ಬಂದ ಭಾರತ ಸೇವಾದಳ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ನೆಲೆಸಿತು. ಆಗಸ್ಟ್ 15ರ ಬೆಳಗ್ಗೆ ಒಂದೇ ಮೈದಾನದಲ್ಲಿ ಸೇವಾದಳದ ಬಿಳಿ ಟೋಪಿ, ಸ್ಕೌಟಿನ ಸ್ಕಾರ್ಫು, ಎನ್‌ಸಿಸಿಯ ಬೆರೆ ಟೋಪಿ ಮೂರೂ ನಿಲ್ಲುತ್ತಿದ್ದವು. ಮೂರರ ನಡುವೆ ಮೌನವಾದ ಪೈಪೋಟಿಯೂ ಇತ್ತು. ಎನ್‌ಸಿಸಿಯವರು ತಾವೇ ಮೇಲು ಅಂದುಕೊಂಡಿದ್ದರು. ಬೂಟಿನ ಸದ್ದು ಅವರ ಕಡೆಗಿತ್ತು.

ಕಡ್ಡಾಯ ಎನ್‌ಸಿಸಿಯ ಕಾಲವನ್ನು ಕಂಡವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಚೀನಾ ಯುದ್ಧದ ಬಿಸಿಯಲ್ಲಿ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆಲ್ಲ ತರಬೇತಿ ಕಡ್ಡಾಯವಾಯಿತು. ಒಲ್ಲದ ಮನಸ್ಸಿನ ಸಾವಿರಾರು ಹುಡುಗರನ್ನು ಬಿಸಿಲಿನಲ್ಲಿ ನಿಲ್ಲಿಸಿ ಪಡೆದದ್ದು ಅಷ್ಟಕ್ಕಷ್ಟೆ. 1968ರಲ್ಲಿ ಅದನ್ನು ಮತ್ತೆ ಐಚ್ಛಿಕ ಮಾಡಿದರು. ಮರುವರ್ಷ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್, ಬಂತು. ಐಚ್ಛಿಕವಾದದ್ದೇ ಕವಾಯತಿಗೆ ಒಳ್ಳೆಯದಾಯಿತು. ಬೇಕೆಂದು ಬಂದವನ ಹಿಮ್ಮಡಿ ಬೇರೆಯೇ ಸದ್ದು ಮಾಡುತ್ತದೆ.

ಪರೇಡ್ ಇರುತ್ತಿದ್ದದ್ದು ಹೆಚ್ಚಾಗಿ ಶನಿವಾರ ಮಧ್ಯಾಹ್ನ ಇಲ್ಲವೇ ಭಾನುವಾರ ಬೆಳಗ್ಗೆ. ಬೆಟಾಲಿಯನ್‌ನಿಂದ ಒಬ್ಬ ಹವಾಲ್ದಾರರು ಬರುತ್ತಿದ್ದರು. ಅವರನ್ನು ಪಿ.ಐ. ಸ್ಟಾಫ್ ಎನ್ನುವುದು ವಾಡಿಕೆ, ಹುಡುಗರ ಬಾಯಲ್ಲಿ ಬರೀ ‘ಉಸ್ತಾದ್’. ಶಾಲೆಯ ಕಡೆಯಿಂದ ಎನ್‌ಸಿಸಿ ಅಧಿಕಾರಿಯಾಗಿ ತರಬೇತಾದ ಮೇಷ್ಟ್ರೊಬ್ಬರು ಇರುತ್ತಿದ್ದರು. ವಾರವೆಲ್ಲ ಸಮಾಜ ಪಾಠ ಹೇಳುವವರು ಅಂದು ಮಾತ್ರ ಭುಜದ ಮೇಲೆ ನಕ್ಷತ್ರ ಹೊತ್ತು ಬಂದರೆ ಮಕ್ಕಳಿಗೆ ಅವರು ಬೇರೆಯೇ ಮನುಷ್ಯರಾಗಿ ಕಾಣುತ್ತಿದ್ದರು. ಎಂಟನೇ ತರಗತಿಯವರು ಜೂನಿಯರ್ ಡಿವಿಷನ್‌ಗೆ, ಪಿಯುಸಿ ಮತ್ತು ಪದವಿಯವರು ಸೀನಿಯರ್ ಡಿವಿಷನ್‌ಗೆ. ಆಯ್ಕೆಯ ದಿನ ಎತ್ತರ ಅಳೆದು, ಮೈದಾನ ಸುತ್ತು ಹೊಡೆಸಿ, ಮಂಡಿ ತಾಗುತ್ತದೆಯೇ, ಪಾದ ಚಪ್ಪಟೆಯೇ ಎಂದು ನೋಡಿ ಹೆಸರು ಬರೆದುಕೊಳ್ಳುತ್ತಿದ್ದರು.

ಹೊಸ ಕೆಡೆಟ್ ಕಲಿಯುವ ಮೊದಲ ಪಾಠ ನಡೆಯುವುದಲ್ಲ, ನಿಲ್ಲುವುದು. ‘ಲಂಬಾ ದಾಹಿನೆ, ಛೋಟಾ ಬಾಯೇಂ, ಏಕ್ ಲೈನ್ ಮೇಂ ಕದ್‌ವಾರ್ ಖಡೇ ಹೋ’ ಎಂಬ ಹುಕುಂ ಬಿದ್ದೊಡನೆ ಅತಿ ಎತ್ತರದವನು ಬಲತುದಿಗೆ, ಕುಳ್ಳ ಎಡತುದಿಗೆ ಹೋಗಬೇಕು. ಆಮೇಲೆ ಎಣಿಕೆ. ಬೆಸ ಸಂಖ್ಯೆಯವರು ಒಂದು ಹೆಜ್ಜೆ ಮುಂದೆ, ಸಮ ಸಂಖ್ಯೆಯವರು ಒಂದು ಹೆಜ್ಜೆ ಹಿಂದೆ. ಬೆಸದವರು ಬಲಕ್ಕೂ ಸಮದವರು ಎಡಕ್ಕೂ ತಿರುಗಿ, ಒಬ್ಬರ ಹಿಂದೊಬ್ಬರು ಸುತ್ತಿ ಬಂದು ಮೂರು ಸಾಲಾಗುತ್ತಾರೆ. ಮುಗಿಯುವ ಹೊತ್ತಿಗೆ ಎತ್ತರದವರು ಎರಡೂ ತುದಿಗಳಲ್ಲಿ, ಕುಳ್ಳರು ನಟ್ಟನಡುವೆ. ದೂರದಿಂದ ನೋಡುವವನಿಗೆ ಇಡೀ ತುಕಡಿ ಒಂದೇ ಸಮ ಕಾಣುತ್ತದೆ. ಲೆಕ್ಕ ಸರಳ, ಆದರೆ ಮೊದಲ ಸಲ ಮಾಡುವಾಗ ಜಾತ್ರೆಯ ನೂಕುನುಗ್ಗಲೇ.

ಈ ವಿಂಗಡಣೆಯ ಪರಿಣಾಮ ಯಾರೂ ಹೇಳಿಕೊಡದ ಪಾಠವಾಗಿತ್ತು. ತರಗತಿಯಲ್ಲಿ ಮಕ್ಕಳು ಕೂರುತ್ತಿದ್ದದ್ದು ಬೀದಿಯ ಪ್ರಕಾರ, ಭಾಷೆಯ ಪ್ರಕಾರ, ಹೇಳದೆ ಉಳಿದರೂ ಎಲ್ಲರಿಗೂ ಗೊತ್ತಿದ್ದ ಜಾತಿಯ ಪ್ರಕಾರ. ಹಳೆ ಊರಿನ ತೆಲುಗು ಮನೆಮಾತಿನ ಹುಡುಗರು ಒಂದು ಬೆಂಚು, ಸಂತೆ ಬೀದಿಯ ಉರ್ದು ಮಾತಿನವರು ಇನ್ನೊಂದು, ಕ್ಯಾಂಪಿನ ಹಿಂದಿಯವರು ಮುಂದಿನದು. ಮೈದಾನದಲ್ಲಿ ಆ ನಕ್ಷೆ ಎರಡು ನಿಮಿಷದಲ್ಲಿ ಅಳಿಸಿಹೋಗುತ್ತಿತ್ತು. ಎತ್ತರಕ್ಕೆ ಮನೆತನವಿಲ್ಲ. ಸಿಆರ್‌ಪಿಎಫ್ ಸುಬೇದಾರರ ಮಗನ ಪಕ್ಕ ಕೊಡಿಗೇಹಳ್ಳಿಯ ತರಕಾರಿ ಬೆಳೆಗಾರನ ಮಗ, ಅವನ ಪಕ್ಕ ಗಾಲಿ ಕಾರ್ಖಾನೆಯ ಫಿಟ್ಟರನ ಮಗ. ಪಕ್ಕದವನ ಭುಜಕ್ಕೆ ಕೈ ಚಾಚಿ ಅಂತರ ಸರಿಮಾಡಿಕೊಳ್ಳುವಾಗ ಅವನು ಯಾರೆಂದು ಕೇಳಲು ಅವಕಾಶವೇ ಇಲ್ಲ. ಇದನ್ನು ಉತ್ಪ್ರೇಕ್ಷಿಸಬಾರದು. ಪರೇಡ್ ಮುಗಿದು ತಿಂಡಿಯ ಸಾಲಿಗೆ ಬಂದಾಗ ಹಳೆಯ ಗುಂಪುಗಳು ಮತ್ತೆ ಕೂಡಿಕೊಳ್ಳುತ್ತಿದ್ದವು. ಆದರೂ ವಾರಕ್ಕೆ ಕೆಲವು ಗಂಟೆ ಹುಟ್ಟಿಗೆ ಸಂಬಂಧವಿಲ್ಲದ ಕ್ರಮವೊಂದರಲ್ಲಿ ನಿಂತ ಅನುಭವ ಅವರಿಗೆ ಬೇರೆಲ್ಲೂ ಸಿಗಲಿಲ್ಲ. ಉತ್ತರ ಬೆಂಗಳೂರಿನ ಕವಾಯತಿನ ಬಗ್ಗೆ ಈ ಲೇಖಕನಿಗೆ ಹೇಳಲು ಇರುವ ಮುಖ್ಯ ಮಾತು ಇದೇ. ಉಳಿದದ್ದೆಲ್ಲ ಇದರ ಸುತ್ತಲಿನ ವಿವರ.

ನಿಂತ ಮೇಲೆ ಹುಕುಂ. ಪ್ರತಿ ಹುಕುಮಿಗೂ ಎರಡು ಭಾಗ. ಮೊದಲನೆಯದು ಎಚ್ಚರಿಕೆ, ಎಳೆದು ಹೇಳುವಂಥದು. ನಡುವೆ ಒಂದು ನಿಲುಗಡೆ. ಎರಡನೆಯದು ತುಂಡು ಹೊಡೆದಂತೆ. ‘ಸಾ...ವ್-ಧಾನ್.’ ‘ದಾಹಿನೇ...ಮುಡ್.’ ‘ತೇಜ್...ಚಲ್.’ ಹುಡುಗರು ತಪ್ಪುತ್ತಿದ್ದದ್ದು ಆ ನಿಲುಗಡೆಯಲ್ಲಿ. ಏನು ಬರಲಿದೆ ಎಂದು ಗೊತ್ತಾದ ಕೂಡಲೇ ಮೈ ತಾನಾಗಿ ಹೊರಟುಬಿಡುತ್ತದೆ. ಮೂವತ್ತು ಜನರಲ್ಲಿ ಒಬ್ಬ ಅರ್ಧ ಕ್ಷಣ ಮೊದಲು ತಿರುಗಿದರೂ ಸಾಲೆಲ್ಲ ಕೆಟ್ಟಂತೆ ಕಾಣುತ್ತದೆ. ತಡವಾಗಿ ತಿರುಗಿದವನನ್ನು ಉಸ್ತಾದರು ಕ್ಷಮಿಸುತ್ತಿದ್ದರು, ಮುಂಚೆ ತಿರುಗಿದವನನ್ನು ಕ್ಷಮಿಸುತ್ತಿರಲಿಲ್ಲ. ಯಲಹಂಕದ ಮೈದಾನಗಳಲ್ಲಿ ಇದಕ್ಕೆ ಇನ್ನೊಂದು ತೊಡಕಿತ್ತು. ವಾಯುನೆಲೆಯಿಂದ ಎದ್ದ ಸಾಗಣೆ ವಿಮಾನ ತಲೆಯ ಮೇಲೆ ಹಾದುಹೋಗುವಾಗ ಹುಕುಮಿನ ಎರಡನೇ ಭಾಗ ಕೇಳಿಸುತ್ತಲೇ ಇರಲಿಲ್ಲ. ಅನುಭವಿ ಹವಾಲ್ದಾರರು ವಿಮಾನ ದಾಟುವವರೆಗೆ ಬಾಯಿ ತೆರೆದೇ ಇಟ್ಟುಕೊಂಡು ಕಾಯುತ್ತಿದ್ದರು. ಸಾವಧಾನ್ ಸ್ಥಿತಿಯಲ್ಲಿ ಕಣ್ಣು ಎತ್ತುವಂತಿಲ್ಲವಾದ್ದರಿಂದ, ಹೋದದ್ದು ಆವ್ರೋವೋ ಎಎನ್-32ವೋ ಎಂದು ಸದ್ದಿನಲ್ಲೇ ಗುರುತಿಸುವ ವಿದ್ಯೆ ಹುಡುಗರಿಗೆ ಬಂದಿತ್ತು.

ಮೈಗೆ ಸಂಬಂಧಿಸಿದ ನಿಯಮಗಳು ನಿಖರ. ಸಾವಧಾನ್‌ನಲ್ಲಿ ಹಿಮ್ಮಡಿ ಎರಡೂ ಕೂಡಿರಬೇಕು, ಪಾದಗಳ ನಡುವೆ 30 ಡಿಗ್ರಿ ಕೋನ. ವಿಶ್ರಾಮ್‌ನಲ್ಲಿ ಕಾಲುಗಳ ನಡುವೆ 12 ಅಂಗುಲ. ಹೊರಡುವುದು ಯಾವಾಗಲೂ ಎಡಗಾಲಿನಿಂದ. ತೇಜ್ ಚಲ್‌ಗೆ ಹೆಜ್ಜೆ 30 ಅಂಗುಲ, ನಿಮಿಷಕ್ಕೆ 120 ಹೆಜ್ಜೆ. ಬಲಕ್ಕೆ ತಿರುಗುವುದು ಬಲಗಾಲಿನ ಹಿಮ್ಮಡಿ ಮತ್ತು ಎಡಗಾಲಿನ ಬೆರಳುಗಳ ಮೇಲೆ. ಕೈ ಭುಜದ ಮಟ್ಟಕ್ಕೆ ಬೀಸಬೇಕು, ಮೊಣಕೈ ಮಡಚಬಾರದು. ನಡೆಯುವುದು ಹುಟ್ಟಿದ ಎಲ್ಲರಿಗೂ ಗೊತ್ತು. ಆದರೆ ‘ನಡೆ’ ಎಂದು ಹೇಳಿದೊಡನೆ ಪ್ರತಿ ತಂಡದಲ್ಲೂ ಒಬ್ಬಿಬ್ಬರಿಗೆ ಬಲಗೈ ಬಲಗಾಲು ಒಟ್ಟಿಗೆ ಹೋಗುತ್ತಿತ್ತು. ಅವರನ್ನು ಪಕ್ಕಕ್ಕೆ ತೆಗೆದು, ಮರದ ನೆರಳಿನಲ್ಲಿ ಒಬ್ಬ ಹಿರಿಯ ಕೆಡೆಟ್ ಕೈಗೆ ಒಪ್ಪಿಸುತ್ತಿದ್ದರು. ನಾಚಿಕೆ ಬಿಟ್ಟ ದಿನ ಅದು ತಾನಾಗಿ ಸರಿಹೋಗುತ್ತಿತ್ತು. ಅದಕ್ಕೆ ಬೇರೆ ಮದ್ದಿಲ್ಲವೆಂದು ಉಸ್ತಾದರೆಲ್ಲರ ಒಮ್ಮತ.

ಸೆಲ್ಯೂಟಿನಲ್ಲೂ ಭೇದವಿತ್ತು. ಭೂಸೇನೆಯ ರೀತಿಯಲ್ಲಿ ಅಂಗೈ ಎದುರಿಗೆ ಕಾಣುವಂತೆ, ನೌಕಾಪಡೆಯಲ್ಲಿ ಅಂಗೈ ಕೆಳಮುಖ. ವಾಯುಪಡೆ ಮೊದಲು ಭೂಸೇನೆಯಂತೆಯೇ ಮಾಡುತ್ತಿತ್ತು. 2006ರಲ್ಲಿ ಅಂಗೈ ನೆಲಕ್ಕೆ 45 ಡಿಗ್ರಿ ಇರುವ ಹೊಸ ಸೆಲ್ಯೂಟ್ ತಂದಿತು. ಬಳ್ಳಾರಿ ರಸ್ತೆಯ ಮಕ್ಕಳಿಗೆ ಈ ಸೂಕ್ಷ್ಮಗಳನ್ನು ಪುಸ್ತಕ ಕಲಿಸಬೇಕಿರಲಿಲ್ಲ. ಗೇಟಿನ ಸೆಂಟ್ರಿಗಳನ್ನು ನೋಡಿದರೆ ಸಾಕಿತ್ತು.

ಕವಾಯತಿನ ಇತಿಹಾಸ ಎಂದು ನೋಟ್ಸಿನಲ್ಲಿ ಬರೆಸುತ್ತಿದ್ದ ಒಂದು ಕಥೆ ಇದೆ: 1666ರಲ್ಲಿ ಡ್ರಿಲ್ ಎಂಬ ಹೆಸರಿನ ಜರ್ಮನ್ ಮೇಜರ್ ಜನರಲ್ ಒಬ್ಬ ಇದನ್ನು ಆರಂಭಿಸಿದನಂತೆ. ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಕೇಳುತ್ತಿದ್ದ ಕಾರಣ ಎಲ್ಲರೂ ಬಾಯಿಪಾಠ ಮಾಡಿದರು. ಆದರೆ ಆ ಇಸವಿಗಿಂತ ಮುಕ್ಕಾಲು ಶತಮಾನ ಮೊದಲೇ ನೆದರ್ಲೆಂಡ್ಸ್‌ನ ನಸ್ಸೌ ಮೌರಿಸ್ ತನ್ನ ಕಾಲಾಳುಗಳಿಗೆ ಹುಕುಂ, ಹೆಜ್ಜೆ, ಬಂದೂಕು ತುಂಬುವ ಕ್ರಮಗಳನ್ನು ಬಿಡಿಬಿಡಿಯಾಗಿ ಕಲಿಸಿದ್ದ. ಆ ಭಂಗಿಗಳನ್ನು ಒಂದೊಂದಾಗಿ ಚಿತ್ರಿಸಿದ ಯಾಕೊಬ್ ಡಿ ಗೈನ್‌ನ ಪುಸ್ತಕ 1607ರಲ್ಲೇ ಅಚ್ಚಾಗಿತ್ತು. ಅಂಥ ಬಂದೂಕುಗಳು ಹೋದವು, ಸಾಲಾಗಿ ನಿಂತು ಗುಂಡು ಹಾರಿಸುವ ಯುದ್ಧವೂ ಹೋಯಿತು, ಕವಾಯತು ಮಾತ್ರ ಉಳಿಯಿತು. ಯುದ್ಧಕ್ಕೆ ಬೇಡವಾದ ಮೇಲೂ ಅದು ಉಳಿದದ್ದಕ್ಕೆ ಕಾರಣ, ಅಪರಿಚಿತರನ್ನು ಬೇಗ ಒಂದು ತಂಡವಾಗಿಸುವ ಅದಕ್ಕಿಂತ ಅಗ್ಗದ ಉಪಾಯ ಇನ್ನೂ ಸಿಗದಿರುವುದು. ಅಮೆರಿಕದ ಹೈಸ್ಕೂಲುಗಳಲ್ಲಿ ಡ್ರಿಲ್ ಟೀಮ್ ಎನ್ನುವುದು ರೈಫಲ್ ತಿರುಗಿಸಿ ಎಸೆದು ಹಿಡಿಯುವ ಪ್ರದರ್ಶನ ಕಲೆಯಾಗಿ, ಸ್ಪರ್ಧೆಯಾಗಿ ಬೆಳೆದಿದೆ. ನಮ್ಮಲ್ಲಿ ಆ ಬಗೆಯದನ್ನು ತೋರಿಸುವುದು ವಾಯುಪಡೆಯ ‘ಸುಬ್ರೊತೊ’ ಎಂಬ ಏರ್ ವಾರಿಯರ್ ಡ್ರಿಲ್ ಟೀಮ್. ಅದು ರೂಪುಗೊಂಡದ್ದು 2004ರಲ್ಲಿ. ಎನ್‌ಸಿಸಿ ಆ ದಾರಿ ಹಿಡಿಯಲಿಲ್ಲ. ಇಲ್ಲಿ ಚಂದ ಎಂದರೆ ಯಾರೂ ಎದ್ದು ಕಾಣದಿರುವುದು.

ಸಮವಸ್ತ್ರ ಸ್ವಂತದ್ದಲ್ಲ, ಬೆಟಾಲಿಯನ್ ಸ್ಟೋರಿನದು. ಖಾಕಿ ಪ್ಯಾಂಟು ಯಾರಿಗೂ ಸರಿಹೊಂದುತ್ತಿರಲಿಲ್ಲ. ಇಬ್ಬರು ತೂರಬಹುದಾದ ಸೊಂಟ, ಇಲ್ಲವೇ ಮೀನಖಂಡದ ಮೇಲೆ ನಿಲ್ಲುವ ಉದ್ದ. ಜೆ.ಸಿ. ನಗರದ ದರ್ಜಿಗಳಿಗೆ ಮಿಲಿಟರಿ ಬಟ್ಟೆಯ ಅಭ್ಯಾಸವಿದ್ದುದರಿಂದ ಆರ್.ಟಿ. ನಗರದ ಹುಡುಗರು ಪುಣ್ಯವಂತರು. ಉಳಿದವರ ಮನೆಯಲ್ಲಿ ಅಮ್ಮಂದಿರು ಹಿಡಿ ಹಾಕಿ ಹೊಲಿಯುತ್ತಿದ್ದರು, ಮುಂದಿನ ವರ್ಷ ಇನ್ನೊಬ್ಬನಿಗೆ ಹೋಗಬೇಕಾದ ಬಟ್ಟೆಯಾದ್ದರಿಂದ ಕತ್ತರಿ ಹಾಕುವಂತಿರಲಿಲ್ಲ. ಶುಕ್ರವಾರ ರಾತ್ರಿ ಅನ್ನದ ಗಂಜಿ ಹಾಕಿ ಒಣಗಿಸಿ, ಬೆಳಗ್ಗೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಮಡಿಕೆ ಚೂರಿಯಂತೆ ನಿಲ್ಲುತ್ತಿತ್ತು. ಮೊದಲ ಸಲ ಕೂತೊಡನೆ ಹೋಗಿಬಿಡುತ್ತಿತ್ತು. ಅದಕ್ಕೇ ಬಸ್ಸಿನಲ್ಲಿ ಕೆಡೆಟ್‌ಗಳು ಸೀಟಿದ್ದರೂ ನಿಂತೇ ಬರುತ್ತಿದ್ದರು. ಬೆಲ್ಟಿನ ಹಿತ್ತಾಳೆಗೆ ಬ್ರಾಸೋ, ಬೂಟಿಗೆ ಕಿವಿ ಪಾಲಿಶ್. ಪಾಲಿಶಿನ ಮೇಲೆ ಒದ್ದೆ ಹತ್ತಿಯಲ್ಲಿ ಸಣ್ಣ ಸಣ್ಣ ಸುತ್ತು ತಿಕ್ಕಿ ಮೂತಿ ಕಾಣುವಂತೆ ಮಾಡುವುದನ್ನು ಕ್ಯಾಂಪಿನ ಹುಡುಗರು ಊರಿನ ಹುಡುಗರಿಗೆ ಕಲಿಸಿಕೊಟ್ಟರು. ಬದಲಿಗೆ ಊರಿನವರು ಅವರಿಗೆ ಕೆರೆ ಈಜು ಕಲಿಸಿದರು, ಮನೆಯವರಿಗೆ ಗೊತ್ತಿಲ್ಲದೆ.

ಪರೇಡ್ ಮುಗಿದ ಮೇಲಿನ ತಿಂಡಿಯನ್ನು ಬಿಟ್ಟು ಎನ್‌ಸಿಸಿಯ ನೆನಪು ಬರೆಯುವುದು ಅಪ್ರಾಮಾಣಿಕತೆ. ಸರ್ಕಾರ ತಲೆಗಿಷ್ಟೆಂದು ಕೊಡುತ್ತಿದ್ದ ಅಲ್ಪ ಹಣದಲ್ಲಿ ಇಡ್ಲಿ ವಡೆಯೋ, ಬನ್ನು ಬಾಳೆಹಣ್ಣೋ, ಪೂರಿ ಸಾಗುವೋ ಬರುತ್ತಿತ್ತು. ಬೆಳಗ್ಗೆ ಮನೆಯಲ್ಲಿ ತಿನ್ನದೆ ಬಂದವರು ಎಷ್ಟಿದ್ದರೆಂಬುದು ಆ ಸಾಲಿನಲ್ಲಿ ಗೊತ್ತಾಗುತ್ತಿತ್ತು. ತಿಂಡಿಗಾಗಿ ಸೇರಿದವರೆಂದು ಹಂಗಿಸುವುದು ರೂಢಿ. ಹಾಗೆ ಸೇರಿದವರಲ್ಲೇ ಕೆಲವರು ತಂಡದ ಅತ್ಯುತ್ತಮ ಕೆಡೆಟ್‌ಗಳಾದರು ಎಂಬುದೂ ಅಷ್ಟೇ ನಿಜ.

ಕವಾಯತಿಗೆ ಬಳಸುತ್ತಿದ್ದ ರೈಫಲ್‌ಗಳು ಹಾರಿಸಲಾಗದ ಹಳೆಯ .303ಗಳು. ತೂಕ ಸುಮಾರು ನಾಲ್ಕು ಕಿಲೋ. ‘ಬಗಲ್ ಶಸ್ತ್ರ್’ ಎಂದಾಗ ಭುಜಕ್ಕೇರಿಸಿ, ‘ಬಾಜೂ ಶಸ್ತ್ರ್’ ಎಂದಾಗ ಇಳಿಸಿ, ಮಾಡುತ್ತ ಮಾಡುತ್ತ ಹದಿನಾಲ್ಕರ ಹುಡುಗನ ಎಡಭುಜದ ಮೂಳೆಯ ಮೇಲೆ ನೀಲಿ ಗುರುತು ಬೀಳುತ್ತಿತ್ತು. ಅದನ್ನು ಅಂಗಿಯೊಳಗೆ ಮುಚ್ಚಿಕೊಂಡವರಿಗಿಂತ ತೆರೆದು ತೋರಿಸಿದವರೇ ಹೆಚ್ಚು. ನಿಜವಾದ ಗುಂಡು ಹಾರಿಸುತ್ತಿದ್ದದ್ದು .22 ರೈಫಲ್ಲಿನಲ್ಲಿ, ಹೊಟ್ಟೆಯ ಮೇಲೆ ಮಲಗಿ, ವರ್ಷಕ್ಕೆ ಬೆರಳೆಣಿಕೆಯಷ್ಟು. ಎದುರಿನ ಕಾಗದಕ್ಕೆ ಗುಂಡು ತಾಗದಿದ್ದರೂ ಖಾಲಿ ತೋಟೆ ಎಣಿಸಿ ಒಪ್ಪಿಸಬೇಕು. ಒಂದು ಕಡಿಮೆಯಾದರೆ ಇಡೀ ತಂಡ ಹುಲ್ಲಿನಲ್ಲಿ ತಡಕಾಡಬೇಕು.

ವಾರ್ಷಿಕ ಶಿಬಿರ 10 ದಿನದ್ದು. ಹತ್ತಾರು ಶಾಲೆ ಕಾಲೇಜುಗಳ ನೂರಾರು ಕೆಡೆಟ್‌ಗಳು ಒಂದೆಡೆ ಸೇರುತ್ತಿದ್ದರು. ಬೆಳಗಿನ ಜಾವ ಸೀಟಿ, ಫಾಲಿನ್, ಪಿ.ಟಿ., ತಟ್ಟೆ ಮಗ್ಗು ಹಿಡಿದು ಮೆಸ್ಸಿನ ಸಾಲು, ಮಧ್ಯಾಹ್ನದವರೆಗೆ ಕವಾಯತು ಮತ್ತು ಮ್ಯಾಪ್ ರೀಡಿಂಗ್, ಸಂಜೆ ಆಟ, ರಾತ್ರಿ ಸರದಿಯ ಕಾವಲು. ತಪ್ಪಿಗೆ ಸಿಗುತ್ತಿದ್ದದ್ದು ‘ರಗಡಾ’: ರೈಫಲ್ ತಲೆಯ ಮೇಲೆತ್ತಿ ಮೈದಾನ ಸುತ್ತುವುದು, ಕಪ್ಪೆಯಂತೆ ಕುಪ್ಪಳಿಸುವುದು. ಇಲ್ಲಿ ಒಂದು ಮಾತು ಹೇಳಬೇಕು. ಕೆಲವು ಕಡೆ ಶಿಕ್ಷೆ ಶಿಸ್ತಿನ ಗಡಿ ಮೀರಿದ್ದುಂಟು, ಹಿರಿಯ ಕೆಡೆಟ್‌ಗಳು ರ‍್ಯಾಂಕಿನ ಹೆಸರಿನಲ್ಲಿ ಕಿರಿಯರನ್ನು ಗೋಳು ಹೊಯ್ದುಕೊಂಡದ್ದುಂಟು. ಕವಾಯತು ತೋಳಿಗೆ ಪಟ್ಟಿ ಕೊಡುತ್ತದೆ, ಅದನ್ನು ಹೊರುವ ಮನಸ್ಸನ್ನು ಕೊಡುವುದಿಲ್ಲ. ಅದು ಮೇಷ್ಟ್ರ ಮೇಲೆ, ಮನೆಯ ಮೇಲೆ ನಿಂತ ಸಂಗತಿ. ಒಳ್ಳೆಯ ಅಧಿಕಾರಿ ಇದ್ದ ತಂಡಗಳಲ್ಲಿ ರಗಡಾ ಮುಗಿದ ಮೇಲೆ ಉಸ್ತಾದರೇ ಕೂತು ಹುಡುಗನ ಬೊಬ್ಬೆಗೆ ಮುಲಾಮು ಹಚ್ಚುತ್ತಿದ್ದರು.

ಏರ್ ವಿಂಗ್ ಸೇರಿದವರಿಗೆ ಜಕ್ಕೂರು ಬೇರೆಯೇ ಲೋಕ. ಬೂದುನೀಲಿ ಸಮವಸ್ತ್ರ ತೊಟ್ಟು, ಏರೋಮಾಡೆಲಿಂಗ್ ಕಲಿತು, ಅದೃಷ್ಟವಿದ್ದವರು ಮೈಕ್ರೋಲೈಟ್ ವಿಮಾನದಲ್ಲಿ ಕೂತು ತಮ್ಮದೇ ಶಾಲೆಯ ಮೈದಾನವನ್ನು ಮೇಲಿನಿಂದ ನೋಡಿದರು. ಅಖಿಲ ಭಾರತ ವಾಯು ಸೈನಿಕ ಶಿಬಿರಕ್ಕೂ ಕೆಲವು ಸಲ ಜಕ್ಕೂರೇ ಆತಿಥ್ಯ ಕೊಟ್ಟಿತು. 1996ರಿಂದ ಯಲಹಂಕದಲ್ಲಿ ಏರೋ ಇಂಡಿಯಾ ಆರಂಭವಾದ ಮೇಲೆ ಎರಡು ವರ್ಷಕ್ಕೊಮ್ಮೆ ಇಡೀ ಪ್ರದೇಶವೇ ಆಕಾಶ ನೋಡತೊಡಗಿತು. ಅದೇ ವರ್ಷ ಬೀದರಿನಲ್ಲಿ ರೂಪುಗೊಂಡ ಸೂರ್ಯಕಿರಣ ತಂಡದ ಹಾರಾಟ ಕಂಡ ಕೆಡೆಟ್‌ಗಳಿಗೆ, ರೆಕ್ಕೆಯ ಪಕ್ಕ ರೆಕ್ಕೆ ಇಟ್ಟುಕೊಂಡು ಹೋಗುವ ಆ ವಿಮಾನಗಳು ಮಾಡುತ್ತಿರುವುದು ತಾವು ಮಾಡುವ ಕೆಲಸವನ್ನೇ ಎಂದು ತಟ್ಟನೆ ಹೊಳೆಯುತ್ತಿತ್ತು. ಅಲ್ಲೂ ಪಕ್ಕದವನನ್ನು ನೋಡಿಯೇ ತನ್ನ ಜಾಗ ಹಿಡಿಯುವುದು.

ಹುಡುಗಿಯರ ಕಥೆ ಸ್ವಲ್ಪ ಬೇರೆ. ವಿಭಾಗ 1949ರಿಂದ ಇದ್ದರೂ ಈ ಭಾಗದ ಮನೆಗಳು ಮಗಳನ್ನು 10 ದಿನದ ಶಿಬಿರಕ್ಕೆ ಕಳಿಸಲು ಬಹಳ ಕಾಲ ಹಿಂದೆಮುಂದೆ ನೋಡಿದವು. ಮೊದಲು ಬಂದವರು ಕ್ಯಾಂಪಿನ ಮನೆಗಳ ಹುಡುಗಿಯರು. ಅವರನ್ನು ನೋಡಿ ಕಾಲೊನಿಯವರು, ಅವರನ್ನು ನೋಡಿ ಊರಿನವರು. ತೊಂಬತ್ತರ ದಶಕದ ಹೊತ್ತಿಗೆ ಯಲಹಂಕದ ಬಸ್ ನಿಲ್ದಾಣದಲ್ಲಿ ಖಾಕಿ ಪ್ಯಾಂಟು ತೊಟ್ಟ ಹುಡುಗಿಯರ ಗುಂಪು ನಿಂತರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಸಮವಸ್ತ್ರ ಅವರಿಗೆ ಕೊಟ್ಟ ದೊಡ್ಡ ಲಾಭ ಅದು. ಹುಕುಂ ಕೊಡುವ ಸರದಿ ಬಂದಾಗ ಮೈದಾನದ ಇನ್ನೊಂದು ತುದಿಗೆ ಕೇಳುವಂತೆ ಕೂಗಬೇಕಾದ್ದು ಎರಡನೆಯ ಲಾಭ. ಮೆಲ್ಲಗೆ ಮಾತಾಡು ಎಂದು ಹೇಳಿಸಿಕೊಂಡೇ ಬೆಳೆದವರಿಗೆ ಅದು ಸಣ್ಣ ಸಂಗತಿಯಲ್ಲ.

ಇದೆಲ್ಲದರ ಶಿಖರ ಜನವರಿ 26. ನಗರದಲ್ಲಿ ಕಬ್ಬನ್ ರಸ್ತೆಯ ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಪರೇಡ್ ಮೈದಾನ. ರಾಜ್ಯಪಾಲರಿಗೆ ಗೌರವ ವಂದನೆ. ಅದಕ್ಕಿಂತ ಮೇಲೆ ದೆಹಲಿ. ಅಲ್ಲಿಗೆ ಹೋಗುವವರ ಆಯ್ಕೆ ಕಾಲೇಜಿನಿಂದ ಬೆಟಾಲಿಯನ್, ಗ್ರೂಪ್, ಡೈರೆಕ್ಟೊರೇಟ್ ಎಂದು ಮೆಟ್ಟಿಲು ಮೆಟ್ಟಿಲಾಗಿ ತಿಂಗಳುಗಟ್ಟಲೆ ನಡೆಯುತ್ತದೆ. ಪ್ರತಿ ಶಿಬಿರದ ಕೊನೆಗೆ ಕೆಲವರು ಟ್ರಂಕು ಹೊತ್ತು ಮನೆಗೆ ಮರಳುತ್ತಾರೆ. ಉಳಿದವರು ಜನವರಿ ಚಳಿಯಲ್ಲಿ ದೆಹಲಿ ಕಂಟೋನ್ಮೆಂಟಿನ ಕಾರ್ಯಪ್ಪ ಪರೇಡ್ ಮೈದಾನದಲ್ಲಿ ತಿಂಗಳ ಕಾಲ ತಾಲೀಮು ನಡೆಸುತ್ತಾರೆ. ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕೊಡಗಿನ ಕಾರ್ಯಪ್ಪನವರ ಹೆಸರು ಹೊತ್ತ ಮೈದಾನದಲ್ಲಿ ನಿಲ್ಲುವುದು ಕರ್ನಾಟಕದ ಕೆಡೆಟ್‌ಗೆ ಒಂದು ಬಗೆಯ ಸಲಿಗೆ ಕೊಡುತ್ತದೆ. ಅವರಲ್ಲಿ ಕೆಲವರು ಹಿಂದೆ ರಾಜಪಥ, 2022ರಿಂದ ಕರ್ತವ್ಯ ಪಥ ಎನ್ನುವ ರಸ್ತೆಯಲ್ಲಿ ನಡೆಯುತ್ತಾರೆ. ಪ್ರಧಾನಿಯ ರ‍್ಯಾಲಿಯಲ್ಲಿ ಡೈರೆಕ್ಟೊರೇಟ್‌ಗಳ ಪೈಪೋಟಿ ಗೆದ್ದವರಿಗೆ ಬ್ಯಾನರ್ ಸಿಗುತ್ತದೆ. ಉತ್ತರ ಬೆಂಗಳೂರಿನ ಬೀದಿಗಳಲ್ಲಿ ‘ಆರ್‌ಡಿ (ರಿಪಬ್ಲಿಕ್ ಡೇ) ಮಾಡಿದವನು’ ಎಂದರೆ ಇಂದಿಗೂ ಪರಿಚಯಕ್ಕೆ ಅಷ್ಟೇ ಸಾಕು.

ಹೆಚ್ಚಿನವರು ಅಷ್ಟು ದೂರ ಹೋಗಲಿಲ್ಲ. ಎ, ಬಿ, ಸಿ ಸರ್ಟಿಫಿಕೇಟುಗಳಿಗಾಗಿ ಹಾಜರಾತಿ ಲೆಕ್ಕ ಹಾಕಿದರು. ಪರೀಕ್ಷೆಗೆ ಕೂರಲು ಶೇಕಡ 75 ಬೇಕಿತ್ತು. ಸಿ ಸರ್ಟಿಫಿಕೇಟಿನವರಿಗೆ ಲಿಖಿತ ಪರೀಕ್ಷೆಯಿಲ್ಲದೆ ಸೇನಾಧಿಕಾರಿ ಆಯ್ಕೆಯ ಸಂದರ್ಶನಕ್ಕೆ ಹೋಗುವ ದಾರಿಯಿದೆ, ಪ್ರವೇಶ ಮತ್ತು ನೇಮಕಾತಿಗಳಲ್ಲಿ ಒಂದಿಷ್ಟು ಅನುಕೂಲವಿದೆ. ಕೆಲವರು ಆ ದಾರಿ ಹಿಡಿದು ಸೇನೆಗೆ ಹೋದರು. ಬಹಳಷ್ಟು ಮಂದಿ ಪೊಲೀಸ್ ಇಲಾಖೆಯಲ್ಲೋ, ಬಿಇಎಲ್‌ನಲ್ಲೋ, ಬ್ಯಾಂಕಿನಲ್ಲೋ, ಸಾಫ್ಟ್‌ವೇರಿನಲ್ಲೋ ನೆಲೆಯಾದರು. ಎನ್‌ಸಿಸಿ ಸೈನಿಕರನ್ನು ತಯಾರಿಸುತ್ತದೆ ಎನ್ನುವುದು ಅರೆಸತ್ಯ. ಅದು ತಯಾರಿಸಿದ್ದು ಸಾಲಿನಲ್ಲಿ ನಿಲ್ಲಬಲ್ಲ, ತನ್ನ ಸರದಿ ಕಾಯಬಲ್ಲ ನಾಗರಿಕರನ್ನು, ಅದೂ ಎಲ್ಲರನ್ನಲ್ಲ.

ಈಗ ಬೇಡಿಕೆ ಕುಗ್ಗಿಲ್ಲ, ಹಿಗ್ಗಿದೆ. 2020ರಲ್ಲಿ ಗಡಿ ಮತ್ತು ಕರಾವಳಿ ಜಿಲ್ಲೆಗಳಿಗೆ ಒಂದು ಲಕ್ಷ ಹೊಸ ಕೆಡೆಟ್‌ಗಳ ಯೋಜನೆ ಪ್ರಕಟವಾಯಿತು, 2024ರಲ್ಲಿ ದೇಶಾದ್ಯಂತ ಇನ್ನೂ ಮೂರು ಲಕ್ಷ ಸ್ಥಾನಗಳಿಗೆ ಒಪ್ಪಿಗೆ ಸಿಕ್ಕಿತು. ಕಾಲೇಜುಗಳಲ್ಲಿ ಎನ್‌ಸಿಸಿಯನ್ನು ಐಚ್ಛಿಕ ವಿಷಯವಾಗಿ ಓದಲೂಬಹುದು. ಕುಗ್ಗಿರುವುದು ನೆಲ. ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಬಂದ ಮೇಲೆ ಬಳ್ಳಾರಿ ರಸ್ತೆಯ ಗುಂಟ ಖಾಲಿ ಜಾಗ ಎನ್ನುವುದು ಚದರಡಿಯ ಲೆಕ್ಕಕ್ಕೆ ಬಂತು. ತುಕಡಿಯೊಂದು ತೇಜ್ ಚಲ್‌ನಲ್ಲಿ ಹೊರಟು, ಸಲಾಮಿ ಕೊಟ್ಟು, ತಿರುಗಿ ಬರಲು ದೊಡ್ಡ ಬಯಲು ಬೇಕು. ಬಾಸ್ಕೆಟ್‌ಬಾಲ್ ಅಂಕಣದಲ್ಲಿ ನಿಂತಲ್ಲೇ ಕದಮ್ ತಾಲ್ ಹಾಕಬಹುದು, ಮಾರ್ಚ್ ಮಾಡಲಾಗದು. ಹೊಸ ಶಾಲೆಗಳ ಕೆಡೆಟ್‌ಗಳು ಎಷ್ಟೋ ಕಡೆ ಮಹಡಿಯ ಮೇಲೆ, ವಾಹನ ನಿಲ್ಲಿಸುವ ಜಾಗದಲ್ಲಿ ಕಲಿಯುತ್ತಿದ್ದಾರೆ. ಕಾಂಕ್ರೀಟಿನ ಮೇಲೆ ಹಿಮ್ಮಡಿ ಕುಟ್ಟಿದರೆ ಸದ್ದು ಜೋರು, ಮಂಡಿಗೆ ಪೆಟ್ಟೂ ಜೋರು. ಮಕ್ಕಳಲ್ಲಿ ಬೆರಕೆಯೂ ಕಡಿಮೆಯಾಗಿದೆ: ಒಂದೇ ಮಟ್ಟದ ಶುಲ್ಕ ಕಟ್ಟಬಲ್ಲ ಮನೆಗಳ ಮಕ್ಕಳು ಒಂದು ಶಾಲೆಯಲ್ಲಿ, ಉಳಿದವರು ಇನ್ನೊಂದರಲ್ಲಿ. ಎತ್ತರದ ಪ್ರಕಾರ ನಿಲ್ಲಿಸಿದರೂ ಪಕ್ಕದಲ್ಲಿ ಸಿಗುವವನು ತನ್ನಂಥವನೇ.

ಮಗುವನ್ನು ಎನ್‌ಸಿಸಿಗೆ ಸೇರಿಸಬೇಕೆನ್ನುವ ಯಲಹಂಕ, ಹೆಬ್ಬಾಳ, ಯಶವಂತಪುರದ ತಂದೆತಾಯಿಗಳು ಶಾಲೆಯವರನ್ನು ಎರಡು ಪ್ರಶ್ನೆ ಕೇಳಬೇಕು. ಪರೇಡಿಗೆ ಮಣ್ಣಿನ ಮೈದಾನ ಇದೆಯೇ? ಶಿಬಿರಕ್ಕೆ ಮಕ್ಕಳ ಜೊತೆ ಹೋಗಿ ಇರುವ ಮೇಷ್ಟ್ರು ಯಾರು? ತಂಡವೊಂದಕ್ಕೆ ಸ್ಥಾನಗಳು ಸೀಮಿತ, ಭರ್ತಿ ಸಾಮಾನ್ಯವಾಗಿ ಶಾಲಾವರ್ಷದ ಮೊದಲ ತಿಂಗಳುಗಳಲ್ಲೇ ಮುಗಿದುಹೋಗುತ್ತದೆ. ಕೇಳುವುದಾದರೆ ಜೂನ್‌ನಲ್ಲೇ ಕೇಳಬೇಕು.